ವೇಣುಗ್ರಾಮದ ಕೋಟೆಯ ಹೆಬ್ಬಾಗಿಲು: ಇತಿಹಾಸ, ಐತಿಹ್ಯ ಮತ್ತು ಬೋಧೆ

॥ ಶ್ರೀ ವೀತರಾಗಾಯ ನಮಃ ॥

ಜಿನಮಂದಿರದ ಹೊಸ್ತಿಲನ್ನು ದಾಟುವಾಗ ಶ್ರಾವಕರು ‘ನಿಸ್ಸಹಿ’ ಎಂಬ ಪದವನ್ನು ಮೂರು ಬಾರಿ ಉಚ್ಚರಿಸುವ ಸಂಪ್ರದಾಯವಿದೆ. ಮನೆ, ವ್ಯಾಪಾರ, ಜಗಳ, ಲೆಕ್ಕಾಚಾರಗಳನ್ನೆಲ್ಲ ಹೊರಗೇ ಬಿಟ್ಟು ಒಳಬರುತ್ತಿದ್ದೇನೆ ಎಂಬುದು ಅದರ ಭಾವ. ಬಾಗಿಲೆಂಬುದು ಕೇವಲ ಗೋಡೆಯಲ್ಲಿರುವ ತೆರಪಲ್ಲ. ಯಾವುದು ಒಳಗೆ ಬರಬೇಕು, ಯಾವುದು ಹೊರಗೆ ಉಳಿಯಬೇಕು ಎಂಬ ನಿರ್ಣಯ ನಡೆಯುವ ಸ್ಥಳ ಎಂಬುದನ್ನು ನಮ್ಮ ಹಿರಿಯರು ಹೀಗೆ ನಿತ್ಯದ ಆಚರಣೆಯಲ್ಲಿಯೇ ಅಳವಡಿಸಿದ್ದಾರೆ.

ಮಂದಿರಕ್ಕೆ ಬಾಗಿಲಿರುವಂತೆ ಊರಿಗೂ ಬಾಗಿಲಿರುತ್ತಿತ್ತು. ಕೃಷ್ಣಾ, ಘಟಪ್ರಭಾ ತೀರದ ಕನ್ನಡಿಗರು ಅದನ್ನು ‘ಅಗಸಿ’ ಎಂದರೆ ಮರಾಠಿ ಬಂಧುಗಳು ‘ವೇಸ್’ ಎಂದರು. ಅಗಸಿಯ ಕದ ಮುಚ್ಚಿದರೆ ಊರು ಮಲಗಿತು, ತೆರೆದರೆ ಊರು ಎದ್ದಿತು ಎಂಬ ಕಾಲವೊಂದಿತ್ತು. ಅಂಥ ಹೆಬ್ಬಾಗಿಲುಗಳಲ್ಲಿ ಜೈನ ಸಮಾಜದ ನೆನಪಿಗೆ ಅತ್ಯಂತ ಹತ್ತಿರವಾದುದು ಬೆಳಗಾವಿಯ, ಅಂದರೆ ಪ್ರಾಚೀನ ವೇಣುಗ್ರಾಮದ, ಕೋಟೆಯ ಬಾಗಿಲು. ಅದರ ಇತಿಹಾಸವನ್ನೂ ಅದಕ್ಕೆ ಹೊಂದಿಕೊಂಡ ನೂರೆಂಟು ಮುನಿಗಳ ಐತಿಹ್ಯವನ್ನೂ ಅವೆರಡರಿಂದ ಗ್ರಹಿಸಬೇಕಾದ ಬೋಧೆಯನ್ನೂ ಇಲ್ಲಿ ಕ್ರಮವಾಗಿ ವಿವೇಚಿಸಲಾಗಿದೆ.

ಸಾಂಗಲಿ, ಮಿರಜ ಮತ್ತು ವೇಣುಗ್ರಾಮ

ಸಾಂಗಲಿ-ಮಿರಜದ ಉತ್ಸವಪತ್ರಿಕೆಯಲ್ಲಿ ಬೆಳಗಾವಿಯ ಬಾಗಿಲಿನ ಮಾತೇಕೆ ಎಂಬ ಪ್ರಶ್ನೆ ಸಹಜ. ಈ ಊರುಗಳ ನಡುವೆ ಇಂದು ರಾಜ್ಯದ ಗಡಿಯಿದ್ದರೂ ಇವುಗಳ ಇತಿಹಾಸ ಒಂದೇ ನೂಲಿನಲ್ಲಿ ಪೋಣಿಸಿದ ಮಣಿಗಳಂತಿದೆ. ಶಾಸನಗಳಲ್ಲಿ ‘ಮಿರಿಂಜೆ’ ಎಂದು ಕರೆಯಲ್ಪಟ್ಟ ಮಿರಜವು ಒಂದು ನಾಡಿನ ಮುಖ್ಯಸ್ಥಾನವಾಗಿತ್ತು. ಕಲ್ಯಾಣ ಚಾಲುಕ್ಯರ ಇಮ್ಮಡಿ ಜಯಸಿಂಹನ 1024ರ ತಾಮ್ರಶಾಸನವೂ ಶಿಲಾಹಾರ ಮಾರಸಿಂಹನ 1058ರ ತಾಮ್ರಶಾಸನವೂ ಮಿರಜದ ಹೆಸರಿನಿಂದಲೇ ವಿದ್ವಾಂಸರಲ್ಲಿ ಪ್ರಸಿದ್ಧವಾಗಿವೆ. ಕೊಲ್ಲಾಪುರದ ಶಿಲಾಹಾರರ ಆಳ್ವಿಕೆಯಲ್ಲಿ ಈ ಸೀಮೆ ಜೈನಧರ್ಮದ ನೆಲೆವೀಡಾಗಿತ್ತು. ಗಂಡರಾದಿತ್ಯನ ಸಾಮಂತ ನಿಂಬದೇವನ ಹೆಸರಿನೊಡನೆ ಬೆಸೆದುಕೊಂಡಿರುವ ಕೊಲ್ಲಾಪುರದ ರೂಪನಾರಾಯಣ ಬಸದಿ, ಅಲ್ಲಿನ ಆಚಾರ್ಯ ಮಾಘನಂದಿ ಸೈದ್ಧಾಂತಿಕರು, ಇವರ ಕೀರ್ತಿ ದೂರದ ತೇರದಾಳದವರೆಗೂ ಹಬ್ಬಿತ್ತು. ತೇರದಾಳದಲ್ಲಿ ಗೊಂಕನು ನೇಮಿನಾಥ ಬಸದಿಯನ್ನು ಕಟ್ಟಿಸಿದ ಸಂಗತಿಯನ್ನು ತಿಳಿಸುವ 1123ರ ಶಾಸನದಲ್ಲಿ ರಟ್ಟರ ಅರಸು ಕಾರ್ತವೀರ್ಯನೂ ಮಾಘನಂದಿ ಆಚಾರ್ಯರೂ ಒಟ್ಟಿಗೆ ಕಾಣಿಸಿಕೊಳ್ಳುತ್ತಾರೆ. ಅರಸರ ಗಡಿಗಳು ಬೇರೆಯಾಗಿದ್ದರೂ ಧರ್ಮದ ಗಡಿ ಒಂದೇ ಆಗಿತ್ತೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ತೀರ ಇತ್ತೀಚಿನ ಸಂಬಂಧವೂ ಗಮನಾರ್ಹ. ಪಟವರ್ಧನ ಮನೆತನದ ಸಾಂಗಲಿ ಸಂಸ್ಥಾನಕ್ಕೆ ತೇರದಾಳವೂ, ಬೆಳಗಾವಿ ಕೋಟೆಯಿಂದ ಕೂಗಳತೆಯ ದೂರದಲ್ಲಿರುವ ಶಹಾಪುರ ಪೇಟೆಯೂ ಸೇರಿದ್ದವು. 1948ರ ಮಾರ್ಚಿನಲ್ಲಿ ಸಂಸ್ಥಾನವು ಮುಂಬಯಿ ಪ್ರಾಂತದಲ್ಲಿ ವಿಲೀನವಾಗುವವರೆಗೂ ಶಹಾಪುರದ ನೇಕಾರನಿಗೂ ಸರಾಫನಿಗೂ ‘ನಮ್ಮ ಸರಕಾರ’ ಎಂದರೆ ಸಾಂಗಲಿಯೇ. 1899ರಲ್ಲಿ ಸ್ತವನಿಧಿ ಕ್ಷೇತ್ರದಲ್ಲಿ ಜನ್ಮತಾಳಿದ ದಕ್ಷಿಣ ಭಾರತ ಜೈನ ಸಭೆಯು ಸಾಂಗಲಿ, ಕೊಲ್ಲಾಪುರ, ಬೆಳಗಾವಿಗಳ ಶ್ರಾವಕರನ್ನು ಒಂದೇ ವೇದಿಕೆಗೆ ತಂದಿತು. ಮಿರಜದಲ್ಲಿ ರೈಲು ಹತ್ತಿ ಕುಡಚಿ, ರಾಯಬಾಗ, ಘಟಪ್ರಭೆಗಳನ್ನು ದಾಟಿ ಬೆಳಗಾವಿಯಲ್ಲಿ ಇಳಿಯುವ ಯಾತ್ರಿಕನು ಪರಸ್ಥಳಕ್ಕೆ ಹೋದಂತಾಗುವುದಿಲ್ಲ. ತನ್ನ ಮನೆಯದೇ ಇನ್ನೊಂದು ಅಂಕಣಕ್ಕೆ ಕಾಲಿಟ್ಟಂತಾಗುತ್ತದೆ.

ನೂರೆಂಟು ಮುನಿಗಳ ಐತಿಹ್ಯ

ಬೆಳಗಾವಿಯ ಸುತ್ತಲಿನ ಶ್ರಾವಕ ಕುಟುಂಬಗಳಲ್ಲಿ ತಲೆಮಾರುಗಳಿಂದ ಹೇಳಿಕೊಂಡು ಬಂದ ಕಥೆಯಿದು. ಕಥೆ ಹೇಳುವವರು ಬದಲಾದಂತೆ ಅರಸನ ಹೆಸರೂ ಸಣ್ಣ ವಿವರಗಳೂ ಬದಲಾಗುತ್ತವೆ; ಕಥೆಯ ತಿರುಳು ಮಾತ್ರ ಒಂದೇ.

ಒಮ್ಮೆ ನೂರೆಂಟು ಮಂದಿ ದಿಗಂಬರ ಮುನಿಗಳ ಸಂಘವು ವಿಹಾರ ಮಾಡುತ್ತ ವೇಣುಗ್ರಾಮದ ಸೀಮೆಗೆ ಬಂದಿತು. ಅವರು ಆನಗೋಳದ ಕಡೆಯಿಂದ ಹಲಸಿಯತ್ತ ಹೊರಟಿದ್ದರು. ಸೂರ್ಯಾಸ್ತವಾಯಿತು. ಕತ್ತಲೆಯಲ್ಲಿ ನಡೆದರೆ ಕಾಲಡಿಯ ಜೀವಗಳಿಗೆ ಹಾನಿಯಾದೀತೆಂದು ಮುನಿಗಳು ದಾರಿಯಲ್ಲಿದ್ದ ದಟ್ಟವಾದ ಬಿದಿರುಮೆಳೆಯ ಕಾಡಿನಲ್ಲಿಯೇ ನಿಂತು ಧ್ಯಾನಮಗ್ನರಾದರು. ವೇಣುಗ್ರಾಮದ ಅರಸನು ಜಿನಭಕ್ತ. ತನ್ನ ಸೀಮೆಗೆ ಇಷ್ಟು ದೊಡ್ಡ ಸಂಘ ಬಂದಿರುವ ಸುದ್ದಿ ಅವನಿಗೆ ಮುಟ್ಟಿದ್ದು ರಾತ್ರಿಯ ಹೊತ್ತಿನಲ್ಲಿ. ಬೆಳಗಾಗುವವರೆಗೆ ಕಾಯುವ ತಾಳ್ಮೆ ಅವನ ಭಕ್ತಿಗೆ ಇರಲಿಲ್ಲ. ಪರಿವಾರದೊಡನೆ ಪಂಜು ಹಿಡಿಸಿಕೊಂಡು ಕಾಡಿಗೆ ಧಾವಿಸಿದನು.

ಮುನಿಗಳು ಮೌನದಲ್ಲಿದ್ದರು. ಅರಸನು ವಂದಿಸಿದನು, ಪ್ರದಕ್ಷಿಣೆ ಬಂದನು, ಕಾದನು. ಧ್ಯಾನಸ್ಥರಾದ ಯತಿಗಳು ಕಣ್ಣು ತೆರೆಯಲಿಲ್ಲ, ಆಶೀರ್ವಚನ ನೀಡಲಿಲ್ಲ. ಬೆಳಿಗ್ಗೆ ಬರೋಣವೆಂದು ಅರಸನು ಹಿಂದಿರುಗಿದನು. ಹಿಂದಿರುಗುವಾಗ ಪರಿವಾರದವರ ಕೈಯ ಪಂಜುಗಳಿಂದ ಕಿಡಿ ಸಿಡಿದವೋ, ಉರಿದು ಮುಗಿಯುತ್ತಿದ್ದ ಪಂಜುಗಳನ್ನು ಯಾರೋ ಪಕ್ಕಕ್ಕೆ ಬಿಸುಟರೋ, ಅಂತೂ ಒಣಗಿದ ಬಿದಿರಿಗೆ ಬೆಂಕಿ ತಗುಲಿತು. ಬಿದಿರುಕಾಡಿನ ಬೆಂಕಿಯ ವೇಗವನ್ನು ಬಲ್ಲವರೇ ಬಲ್ಲರು. ಮುನಿಗಳು ಉಪಸರ್ಗವನ್ನು ಸಮತಾಭಾವದಿಂದ ಸಹಿಸಿ ದೇಹತ್ಯಾಗ ಮಾಡಿದರು. ಬೆಳಗಿನಲ್ಲಿ ಅರಸನು ಬಂದು ನೋಡಿದಾಗ ಬೂದಿಯ ಹೊರತು ಬೇರೇನೂ ಉಳಿದಿರಲಿಲ್ಲ.

ಪಶ್ಚಾತ್ತಾಪದಿಂದ ಬೆಂದ ಅರಸನು ಪ್ರಾಯಶ್ಚಿತ್ತವಾಗಿ ತನ್ನ ಕೋಟೆಯೊಳಗೆ ನೂರೆಂಟು ಬಸದಿಗಳನ್ನು ಕಟ್ಟಿಸಿದನು. ಒಬ್ಬೊಬ್ಬ ಮುನಿಯ ನೆನಪಿಗೆ ಒಂದೊಂದು. ಇಂದು ಕೋಟೆಯ ಹೆಬ್ಬಾಗಿಲನ್ನು ಹೊಕ್ಕವರಿಗೆ ಕಾಣುವ ಕಮಲ ಬಸದಿಯೂ ಅದರ ಸಮೀಪದ ಚಿಕ್ಕ ಬಸದಿಯೂ ಆ ನೂರೆಂಟರಲ್ಲಿ ಉಳಿದ ಎರಡು ಎಂದು ಐತಿಹ್ಯವು ಮುಗಿಯುತ್ತದೆ.

ಶಾಸನಗಳು ಹೇಳುವುದೇನು?

ಐತಿಹ್ಯದ ಪಕ್ಕದಲ್ಲಿ ಶಾಸನವನ್ನಿಟ್ಟು ನೋಡುವುದು ಸ್ವಾಧ್ಯಾಯದ ಕ್ರಮ. ವೇಣುಗ್ರಾಮವು ಗೋವೆಯ ಕದಂಬರ ಕೈಯಿಂದ ರಟ್ಟರ ಕೈಗೆ ಬಂದುದು ಸರಿಸುಮಾರು 1200ರ ಹೊತ್ತಿಗೆ. ಅದಕ್ಕೂ ಮೊದಲು ರಟ್ಟರ ರಾಜಧಾನಿ ಸುಗಂಧವರ್ತಿ, ಅಂದರೆ ಇಂದಿನ ಸವದತ್ತಿ. ನಾಲ್ಮಡಿ ಕಾರ್ತವೀರ್ಯನ ಕಾಲದಲ್ಲಿ ವೇಣುಗ್ರಾಮವು ನೆಲೆವೀಡಾಯಿತು. ಅವನ ತಮ್ಮ ಮಲ್ಲಿಕಾರ್ಜುನನು ಯುವರಾಜನಾಗಿದ್ದನು. ಈ ಅರಸನ ಸಚಿವನಾದ ಬೀಚಣನು (ಬೀಚಿರಾಜ ಎಂದೂ ಹೆಸರುಂಟು) ಕೋಟೆಯಲ್ಲಿ ‘ರಟ್ಟ ಜಿನಾಲಯ’ವೆಂಬ ಬಸದಿಯನ್ನು ಕಟ್ಟಿಸಿ ಶಾಂತಿನಾಥ ತೀರ್ಥಂಕರರನ್ನು ಪ್ರತಿಷ್ಠಾಪಿಸಿದನು. ಶಕವರ್ಷ 1127ರ ರಕ್ತಾಕ್ಷಿ ಸಂವತ್ಸರದ ಪೌಷ ಮಾಸದಲ್ಲಿ, ಅಂದರೆ 1204ರ ಡಿಸೆಂಬರಿನಲ್ಲಿ, ಉತ್ತರಾಯಣ ಸಂಕ್ರಾಂತಿಯ ಪುಣ್ಯಕಾಲದಂದು ಅರಸನು ಈ ಬಸದಿಗೆ ದತ್ತಿ ಬಿಟ್ಟನು. ದತ್ತಿಯನ್ನು ಸ್ವೀಕರಿಸಿದವರು ಬಸದಿಯ ಆಚಾರ್ಯರಾದ ಶುಭಚಂದ್ರ ಭಟ್ಟಾರಕರು.

ದತ್ತಿಯ ಸ್ವರೂಪವು ಹೆಬ್ಬಾಗಿಲಿನ ಕಥೆಗೆ ನೇರವಾಗಿ ಸಂಬಂಧಿಸಿದೆ. ಉಂಬರವಾಣಿ ಎಂಬ ಗ್ರಾಮವು ಬಸದಿಗೆ ಸಂದುದಲ್ಲದೆ, ವೇಣುಗ್ರಾಮದ ಪೇಟೆಯ ವರ್ತಕರೂ ಸರಕುಗಳ ಮೇಲೆ ಇಂತಿಷ್ಟೆಂದು ಬಸದಿಗೆ ಕಾಣಿಕೆ ಗೊತ್ತುಮಾಡಿದರು. ಆ ವರ್ತಕರಲ್ಲಿ ಸ್ಥಳೀಯರಷ್ಟೇ ಅಲ್ಲ, ಲಾಳ ದೇಶದವರೂ (ಗುಜರಾತಿನ ಕಡೆಯವರು) ಮಲೆಯಾಳದವರೂ ಇದ್ದರು. ಕೊಂಕಣದ ಬಂದರುಗಳಿಂದ ಘಟ್ಟ ಹತ್ತಿ ಬಂದ ಸರಕು ದಖ್ಖಣದ ಬಯಲಿಗೆ ಇಳಿಯುವ ಮಾರ್ಗದಲ್ಲಿ ವೇಣುಗ್ರಾಮವಿತ್ತು. ಊರಬಾಗಿಲು ಎಂದರೆ ಸುಂಕದ ಕಟ್ಟೆ. ಸುಂಕದ ಕಟ್ಟೆಯಿಂದಲೇ ದೇವರ ನಂದಾದೀಪಕ್ಕೆ ಎಣ್ಣೆ. ಹೀಗೆ ಯಾವುದೋ ನಾಡಿನ ವರ್ತಕನು ತಂದ ಹೇರಿನ ಒಂದಂಶ ಶಾಂತಿನಾಥಸ್ವಾಮಿಯ ಪೂಜೆಗೂ ಋಷಿಗಳ ಆಹಾರದಾನಕ್ಕೂ ಸಲ್ಲುತ್ತಿತ್ತು.

ಆ ಕಾಲದ ಸಾಹಿತ್ಯವೈಭವವೂ ಸ್ಮರಣೀಯ. ವೇಣುಗ್ರಾಮದ ಶಾಸನವನ್ನು ರಚಿಸಿದವನು ‘ಕವಿಕಂದರ್ಪ’ನೆಂಬ ಬಿರುದಿನ ಬಾಲಚಂದ್ರ. ರಟ್ಟರ ಆಶ್ರಯದಲ್ಲಿದ್ದ ಪಾರ್ಶ್ವಪಂಡಿತನು 1222ರಲ್ಲಿ ‘ಪಾರ್ಶ್ವನಾಥಪುರಾಣ’ವೆಂಬ ಚಂಪೂಕಾವ್ಯವನ್ನು ರಚಿಸಿದನು. ಬಸದಿಗೆ ದತ್ತಿ ಬಿಟ್ಟ ಮರುವರ್ಷ, 1205ರಲ್ಲಿ, ಶಿಲಾಹಾರ ಇಮ್ಮಡಿ ಭೋಜನ ರಾಜ್ಯದ ಆಜರೆಯಲ್ಲಿ ಸೋಮದೇವ ಮುನಿಗಳು ‘ಶಬ್ದಾರ್ಣವಚಂದ್ರಿಕೆ’ ಎಂಬ ವ್ಯಾಕರಣ ವ್ಯಾಖ್ಯಾನವನ್ನು ಪೂರ್ಣಗೊಳಿಸಿದರು. ಒಂದು ಕಡೆ ಕಲ್ಲು ಕೆತ್ತುವ ಉಳಿಯ ಸದ್ದು, ಇನ್ನೊಂದು ಕಡೆ ಓಲೆಯ ಮೇಲೆ ಕಂಠದ ಸದ್ದು. ಇವೆರಡೂ ಒಂದೇ ಕಾಲದಲ್ಲಿ, ಒಂದೇ ಸೀಮೆಯಲ್ಲಿ ಕೇಳಿಬರುತ್ತಿದ್ದವು.

ಇಲ್ಲಿ ಒಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕು. ಶಾಸನದಲ್ಲಿ ಬಸದಿ ಕಟ್ಟಿಸಿದವನು ಸಚಿವ ಬೀಚಣ, ಉದ್ದೇಶ ಧರ್ಮಪ್ರಭಾವನೆ. ಅಲ್ಲಿ ಕಾಡ್ಗಿಚ್ಚಿನ ಪ್ರಸ್ತಾಪವಿಲ್ಲ, ನೂರೆಂಟು ಬಸದಿಗಳ ಎಣಿಕೆಯಿಲ್ಲ. ಆದುದರಿಂದ ಐತಿಹ್ಯವನ್ನು ಇತಿಹಾಸವೆಂದು ಸಾಧಿಸಲು ಹೊರಡುವುದು ಸತ್ಯಾಣುವ್ರತಿಗಳಿಗೆ ತಕ್ಕುದಲ್ಲ. ಹಾಗೆಂದು ಅದನ್ನು ಕಟ್ಟುಕಥೆಯೆಂದು ಎಸೆಯುವುದೂ ತರವಲ್ಲ. ವೇಣುಗ್ರಾಮವೆಂದರೆ ಬಿದಿರಿನ ಊರು. ಕಥೆಯ ಕಾಡೂ ಬಿದಿರಿನದೇ. ಕಥೆಯ ಮುನಿಗಳು ಹೊರಟಿದ್ದ ಹಲಸಿಯು ಕದಂಬರ ಕಾಲದ ಪಲಾಶಿಕಾ. ಕದಂಬ ಮೃಗೇಶವರ್ಮನು ತನ್ನ ತಂದೆಯ ಪುಣ್ಯಾರ್ಥವಾಗಿ ಅಲ್ಲಿ ಜಿನಾಲಯವನ್ನು ಕಟ್ಟಿಸಿದನು; ಅವನ ಮಗ ರವಿವರ್ಮನು ಪುರುಖೇಟಕ ಗ್ರಾಮದ ಆದಾಯದಿಂದ ಪ್ರತಿವರ್ಷ ಕಾರ್ತಿಕ ಪೂರ್ಣಿಮೆಯ ಸಮಯದಲ್ಲಿ ಎಂಟು ದಿನಗಳ ಜಿನೇಂದ್ರ ಮಹಿಮೋತ್ಸವ ನಡೆಯಬೇಕೆಂದೂ ಮಳೆಗಾಲದ ನಾಲ್ಕು ತಿಂಗಳು ಯತಿಗಳ ನಿರ್ವಹಣೆಯಾಗಬೇಕೆಂದೂ ತಾಮ್ರಪಟದಲ್ಲಿ ವಿಧಿಸಿದನು. ಇಂದು ನಾವು ವರ್ಷವರ್ಷವೂ ನಡೆಸುವ ಉತ್ಸವಗಳ ಬೇರು ಸುಮಾರು ಹದಿನೈದು ಶತಮಾನಗಳಷ್ಟು ಆಳದಲ್ಲಿದೆ. ಮುನಿಸಂಘಗಳು ಹಲಸಿಯತ್ತ ನಡೆದ ದಾರಿಯ ನೆನಪೇ ಐತಿಹ್ಯದಲ್ಲಿ ಉಳಿದಿರಲು ಸಾಧ್ಯ.

ಹೆಬ್ಬಾಗಿಲು ಕಂಡ ಕಾಲಚಕ್ರ

ರಟ್ಟರ ವೈಭವ ಬಹುಕಾಲ ಬಾಳಲಿಲ್ಲ. ದೇವಗಿರಿಯ ಯಾದವ ಸಿಂಘಣನ ದಂಡನಾಯಕನು ರಟ್ಟರನ್ನು ಅಡಗಿಸಿದನೆಂದು 1238ರ ಹರಳಹಳ್ಳಿಯ ಶಾಸನವು ಹೇಳುತ್ತದೆ. ಆ ದಂಡನಾಯಕನ ಹೆಸರೂ ಬೀಚಣನೇ ಎಂಬುದು ವಿಧಿಯ ವಿನೋದ. ಒಬ್ಬ ಬೀಚಣನು ಕಟ್ಟಿದನು, ಇನ್ನೊಬ್ಬ ಬೀಚಣನು ಆ ರಾಜ್ಯವನ್ನು ಮುಗಿಸಿದನು.

ಯಾದವರ ತರುವಾಯ ವಿಜಯನಗರದ ಆಳ್ವಿಕೆ, ಅದರ ತರುವಾಯ ಬಹಮನಿ ಸೈನ್ಯ. 1472-73ರಲ್ಲಿ ಸುಲ್ತಾನ ಮೂರನೆಯ ಮುಹಮ್ಮದನೂ ಅವನ ಮಂತ್ರಿ ಮಹಮೂದ ಗಾವಾನನೂ ಕೋಟೆಯನ್ನು ಮುತ್ತಿದರು. ಕಂದಕವನ್ನು ಮುತ್ತಿಗೆಯವರು ಹಗಲೆಲ್ಲ ತುಂಬಿದರೆ ಒಳಗಿನವರು ರಾತ್ರಿ ಬರಿದು ಮಾಡುತ್ತಿದ್ದರಂತೆ. ಕೊನೆಗೆ ಗೋಡೆಯ ಬುಡಕ್ಕೆ ಸುರಂಗ ತೋಡಿ ಮದ್ದು ತುಂಬಿ ಸ್ಫೋಟಿಸಲಾಯಿತು. ದಖ್ಖಣದಲ್ಲಿ ಕೋಟೆಗೋಡೆಯನ್ನು ಸಿಡಿಮದ್ದಿನಿಂದ ಒಡೆದ ಆರಂಭದ ಪ್ರಸಂಗಗಳಲ್ಲಿ ಇದೂ ಒಂದು. ಕೋಟೆಯ ಅರಸನು ದೂತನ ವೇಷದಲ್ಲಿ ಬಾಗಿಲಿನಿಂದ ಹೊರಬಂದು ಸುಲ್ತಾನನ ಸನ್ನಿಧಿಗೆ ಹೋಗಿ, ಅಲ್ಲಿ ತನ್ನ ಗುರುತನ್ನು ತಾನೇ ಹೇಳಿ, ಹೆಂಡಿರು ಮಕ್ಕಳೊಡನೆ ಶರಣಾದನೆಂದೂ ಸುಲ್ತಾನನು ಅವನಿಗೆ ಅಭಯವಿತ್ತನೆಂದೂ ಇತಿಹಾಸಕಾರ ಫಿರಿಶ್ತಾ ಬರೆದಿದ್ದಾನೆ. ಗೋಡೆಯನ್ನು ಒಡೆದ ಮದ್ದಿಗಿಂತ ಬಾಗಿಲನ್ನು ತಾನಾಗಿ ತೆರೆದುಬಂದ ಮನುಷ್ಯನ ಮಾತು ಹೆಚ್ಚು ಜೀವಗಳನ್ನು ಉಳಿಸಿತು.

ವಿಜಾಪುರದ ಆದಿಲಶಾಹಿಯಲ್ಲಿ ಬೆಳಗಾವಿಯು ಅಸದಖಾನನ ಜಹಗೀರಾಯಿತು. ಅವನು 1519ರಲ್ಲಿ ಕೋಟೆಯೊಳಗೆ ಸಫಾ ಮಸೀದಿಯನ್ನು ಕಟ್ಟಿಸಿದನು. ಕೋಟೆಯ ಗೋಡೆಯ ನಿರ್ಮಾಣಕ್ಕಾಗಿ ಯಾಕೂಬ ಅಲಿಖಾನನನ್ನು ಹೊಗಳುವ ಪರ್ಷಿಯನ್ ಬರಹವೂ ಇಲ್ಲಿದೆ. ಇಂದು ಕಾಣುವ ಕಲ್ಲಿನ ಕೋಟೆ, ಬುರುಜು, ಕಮಾನಿನ ಹೆಬ್ಬಾಗಿಲುಗಳ ಸ್ವರೂಪವು ಬಹುಮಟ್ಟಿಗೆ ಈ ಕಾಲಕ್ಕೆ ಸೇರಿದ್ದು. ಆ ಮೇಲೆ ಮೊಗಲರು, ಮರಾಠರು, ಕೆಲಕಾಲ ಹೈದರಲಿ, ಮತ್ತೆ ಮರಾಠರು. 1818ರ ಏಪ್ರಿಲಿನಲ್ಲಿ ಮೂರು ವಾರಗಳ ಮುತ್ತಿಗೆಯ ನಂತರ ಜನರಲ್ ಮನ್ರೋವಿನ ಮೂಲಕ ಇಂಗ್ಲಿಷರು. ಮಿರಜದ ಕೋಟೆಯೂ ಇದೇ ಹಾದಿಯನ್ನು ಕಂಡಿತು: ಆದಿಲಶಾಹಿ, ಮೊಗಲರು, 1739ರಲ್ಲಿ ಮರಾಠರು, ಆ ಬಳಿಕ ಪಟವರ್ಧನರು. ಬಾಗಿಲು ಕಾಯುವವರು ಬದಲಾದರು. ಬಾಗಿಲು ಮಾತ್ರ ಅಲ್ಲಿಯೇ ನಿಂತಿತು.

ಹೆಬ್ಬಾಗಿಲಿನ ಒಳಗೆ ಇಂದು

ಮೊಟ್ಟೆಯಾಕಾರದ ಕೋಟೆಯ ಸುತ್ತ ಮೆದುಕಲ್ಲಿನಲ್ಲಿ ಆಳವಾಗಿ ತೋಡಿದ ಕಂದಕವಿದೆ. ಉತ್ತರದ ಮುಖ್ಯ ಪ್ರವೇಶದಲ್ಲಿಯೇ ದುರ್ಗಾದೇವಿಯ ಮತ್ತು ಗಣಪತಿಯ ಗುಡಿಗಳಿವೆ. ಹೆಬ್ಬಾಗಿಲಿನ ಮೇಲೆ ಪ್ರಾಣಿಪಕ್ಷಿಗಳ ಅಲಂಕರಣವೂ ಒಳಗೆ ಕಾವಲುಗಾರರ ಕೋಣೆಗಳೂ ಇವೆ. ದಖ್ಖಣದ ಕೋಟೆಗಳ ಬಾಗಿಲುಗಳಿಗೆ ಒಂದು ಶಾಸ್ತ್ರವೇ ಇತ್ತು. ಆನೆ ತಲೆಯಿಂದ ಗುದ್ದದಂತೆ ಕದಕ್ಕೆ ಕಬ್ಬಿಣದ ಮೊಳೆಗಳು, ಒಳಗಡೆ ಗೋಡೆಯಿಂದ ಗೋಡೆಗೆ ಹಾಯುವ ಮರದ ಅಗುಳಿ, ದೊಡ್ಡ ಕದದಲ್ಲಿಯೇ ಒಬ್ಬನು ಮಾತ್ರ ತಲೆಬಾಗಿ ನುಸುಳುವ ದಿಡ್ಡಿಬಾಗಿಲು. ಹೊತ್ತು ಮುಳುಗಿದ ಮೇಲೆ ದೊಡ್ಡ ಕದ ಮುಚ್ಚುತ್ತಿತ್ತು. ತಡವಾಗಿ ಬಂದವನು ಎಷ್ಟೇ ದೊಡ್ಡವನಾದರೂ ದಿಡ್ಡಿಯಲ್ಲಿ ತಲೆ ತಗ್ಗಿಸಿಯೇ ಬರಬೇಕು.

ಒಳಹೊಕ್ಕವನಿಗೆ ಕಮಲ ಬಸದಿಯ ದರ್ಶನವಾಗುತ್ತದೆ. ಮುಖಮಂಟಪದ ಛತ್ತಿನಿಂದ ಇಳಿಬಿದ್ದ ಶಿಲಾಕಮಲವೇ ಈ ಹೆಸರಿಗೆ ಕಾರಣ. ಆ ಕಮಲದ ಎಪ್ಪತ್ತೆರಡು ದಳಗಳನ್ನು ಭೂತ, ವರ್ತಮಾನ, ಭವಿಷ್ಯತ್ ಎಂಬ ಮೂರು ಕಾಲಗಳ ಇಪ್ಪತ್ತನಾಲ್ಕು ಇಪ್ಪತ್ತನಾಲ್ಕು ತೀರ್ಥಂಕರರ ಸಂಕೇತವೆಂದು ಭಕ್ತರು ಭಾವಿಸುತ್ತಾರೆ. ಗರ್ಭಗೃಹದಲ್ಲಿ ಈಗ ನೇಮಿನಾಥಸ್ವಾಮಿಯ ಮೂರ್ತಿಯಿದೆ. ಭಾರತೀಯ ಪುರಾತತ್ತ್ವ ಇಲಾಖೆಯ ರಕ್ಷಣೆಯಲ್ಲಿರುವ ಈ ಬಸದಿಯು ಎಂಟು ಶತಮಾನಗಳನ್ನು ದಾಟಿ ನಿಂತಿದೆ.

ಅನತಿದೂರದಲ್ಲಿ ಸಫಾ ಮಸೀದಿ. ಅದರ ಎರಡು ಕಂಬಗಳ ಮೇಲೆ ಹಳೆಯ ಶಾಸನಗಳಿವೆ: ಒಂದು ನಾಲ್ಮಡಿ ಕಾರ್ತವೀರ್ಯನ ಕಾಲದ 1199ರದು, ಇನ್ನೊಂದು ಯಾದವ ಕೃಷ್ಣನ ಕಾಲದ 1261ರದು. ಅದೇ ಕೋಟೆಯಲ್ಲಿ, ಸ್ವಾಮಿ ವಿವೇಕಾನಂದರು 1892ರಲ್ಲಿ ತಂಗಿದ್ದ ಮನೆಯನ್ನು ಉಳಿಸಿಕೊಂಡಿರುವ ರಾಮಕೃಷ್ಣ ಆಶ್ರಮವೂ ಇದೆ. ಒಂದು ಬಾಗಿಲಿನೊಳಗೆ ಬಸದಿ, ಗುಡಿ, ಮಸೀದಿ, ಆಶ್ರಮ. ಕಂಬದ ಮೇಲಿನ ಅಕ್ಷರವನ್ನು ಕಂಡು ಕೆಲವರಿಗೆ ನೋವಾಗಬಹುದು. ಬಿದ್ದ ಬಸದಿಗಳ ಕಲ್ಲುಗಳು ಎಲ್ಲೆಲ್ಲಿ ಸೇರಿಹೋದವೆಂಬ ಯೋಚನೆ ಬರಬಹುದು. ಆ ನೋವನ್ನು ಸುಳ್ಳೆನ್ನಬೇಕಾಗಿಲ್ಲ. ಆದರೆ ಆ ಅಕ್ಷರಗಳು ಇಂದಿಗೂ ಓದಲು ಸಿಕ್ಕುತ್ತಿರುವುದು ಆ ಕಂಬಗಳು ಐದು ಶತಮಾನಗಳ ಕಾಲ ಒಂದು ಪ್ರಾರ್ಥನಾಸ್ಥಳದ ನೆರಳಿನಲ್ಲಿ ಉಳಿದುದರಿಂದ ಎಂಬುದೂ ಅಷ್ಟೇ ನಿಜ. ಒಂದೇ ವಸ್ತುವನ್ನು ಹಲವು ನಯಗಳಿಂದ ನೋಡಬೇಕೆಂಬ ಅನೇಕಾಂತವು ಗ್ರಂಥದಲ್ಲಿ ಮಾತ್ರ ಇದ್ದರೆ ಸಾಲದು. ಇಂಥ ಕಂಬದ ಮುಂದೆ ನಿಂತಾಗ ಅದು ನಮ್ಮ ಕಣ್ಣಿನಲ್ಲಿರಬೇಕು.

ಬೀಚಣನ ಬಸದಿಯ ಕಥೆಯನ್ನು ಹೇಳುವ 1204ರ ಎರಡು ಶಾಸನಶಿಲೆಗಳು ಈಗ ಬೆಳಗಾವಿಯಲ್ಲಿಲ್ಲ. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿವೆ. ವಿದ್ವಾಂಸ ಬಾರ್ನೆಟ್ ಅವುಗಳ ಪಾಠವನ್ನು ‘ಎಪಿಗ್ರಾಫಿಯಾ ಇಂಡಿಕಾ’ದ 13ನೆಯ ಸಂಪುಟದಲ್ಲಿ ಪ್ರಕಟಿಸಿದನು. ಆ ಪಾಠವು ಪ್ರಕಟವಾಗದೆ ಹೋಗಿದ್ದರೆ ಬೀಚಣನ ಹೆಸರೂ, ಶುಭಚಂದ್ರ ಭಟ್ಟಾರಕರ ಹೆಸರೂ, ಪೇಟೆಯ ವರ್ತಕರ ಔದಾರ್ಯವೂ ನಮಗೆ ತಿಳಿಯುತ್ತಿರಲಿಲ್ಲ, ಐತಿಹ್ಯವೊಂದೇ ಉಳಿಯುತ್ತಿತ್ತು.

ಐತಿಹ್ಯದ ತತ್ತ್ವಾರ್ಥ

ಇನ್ನು ಬೋಧೆಯ ವಿಚಾರ. ಐತಿಹ್ಯದ ಅರಸನು ದುಷ್ಟನಲ್ಲ, ಭಕ್ತ. ಕೊಲ್ಲುವ ಸಂಕಲ್ಪ ಅವನಿಗೆ ಕನಸಿನಲ್ಲಿಯೂ ಇರಲಿಲ್ಲ. ಹಾಗಿರುವಾಗ ಅವನಿಗೆ ದೋಷವೇತಕ್ಕೆ? ‘ತತ್ತ್ವಾರ್ಥಸೂತ್ರ’ದಲ್ಲಿ ಉಮಾಸ್ವಾಮಿಗಳು ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಾಣಹಾನಿಗೆ ಪ್ರಮಾದವನ್ನು, ಅಂದರೆ ಎಚ್ಚರಗೇಡಿತನವನ್ನು, ಜೋಡಿಸಿದ್ದಾರೆ. ಎಚ್ಚರದಿಂದ ನಡೆಯುವ ಮುನಿಯ ಕಾಲಡಿಗೆ ಅರಿವಿಲ್ಲದೆ ಒಂದು ಜೀವ ಸಿಕ್ಕಿದರೂ ಹಿಂಸೆಯ ಬಂಧವಿಲ್ಲವೆಂದೂ, ಎಚ್ಚರವಿಲ್ಲದೆ ನಡೆಯುವವನು ಯಾವ ಜೀವವೂ ಸಾಯದಿದ್ದರೂ ಹಿಂಸಕನೇ ಎಂದೂ ಆಚಾರ್ಯರು ವಿವರಿಸಿದ್ದಾರೆ. ಅರಸನ ತಪ್ಪು ದ್ವೇಷದ್ದಲ್ಲ, ಪ್ರಮಾದದ್ದು.

ಕಥೆಯನ್ನು ಇನ್ನಷ್ಟು ಸೂಕ್ಷ್ಮವಾಗಿ ಗಮನಿಸಬೇಕು. ಮುನಿಗಳು ನಿಂತದ್ದೇಕೆ? ರಾತ್ರಿ ನಡೆದರೆ ಈರ್ಯಾಸಮಿತಿಗೆ ಭಂಗವೆಂದು. ಅರಸನು ಹೊರಟದ್ದು ಯಾವಾಗ? ಅದೇ ರಾತ್ರಿ. ಮುನಿಗಳ ದರ್ಶನಕ್ಕೆ ಹೊರಟವನು ಮುನಿಗಳು ಯಾವ ನಿಯಮಕ್ಕಾಗಿ ನಿಂತರೋ ಆ ನಿಯಮವನ್ನೇ ಮರೆತನು. ಐದು ಸಮಿತಿಗಳಲ್ಲಿ ‘ಆದಾನ-ನಿಕ್ಷೇಪಣ’ವೆಂಬುದೊಂದು, ವಸ್ತುವನ್ನು ಎತ್ತುವಾಗಲೂ ಇಡುವಾಗಲೂ ನೋಡಿ, ಒರಸಿ, ಎಚ್ಚರದಿಂದ ಎತ್ತಬೇಕು, ಇಡಬೇಕು. ಸಮಿತಿಗಳು ಮುನಿಗಳ ವ್ರತವಾದರೂ ಶ್ರಾವಕರಿಗೂ ಅಭ್ಯಾಸಯೋಗ್ಯ. ಆ ರಾತ್ರಿ ಪಂಜನ್ನು ಎತ್ತಿದವರು ಹಲವರು. ಅದನ್ನು ಎಲ್ಲಿ, ಹೇಗೆ ಇಡಬೇಕೆಂದು ಯೋಚಿಸಿದವರು ಒಬ್ಬರೂ ಇರಲಿಲ್ಲ.

ನೂರೆಂಟೆಂಬ ಸಂಖ್ಯೆಯೂ ಅರ್ಥಪೂರ್ಣ. ಕರ್ಮವು ಆತ್ಮನಲ್ಲಿ ಹರಿದುಬರುವ ಆಸ್ರವದ ಅಧಿಕರಣಗಳನ್ನು ನಮ್ಮ ಶಾಸ್ತ್ರ ಹೀಗೆ ಎಣಿಸುತ್ತದೆ: ಕಾರ್ಯದ ಸಂಕಲ್ಪವಾದ ಸಂರಂಭ, ಸಾಧನಗಳನ್ನು ಕೂಡಿಸುವ ಸಮಾರಂಭ, ಕಾರ್ಯಕ್ಕೆ ತೊಡಗುವ ಆರಂಭ, ಈ ಮೂರು, ಇವು ಮನಸ್ಸು, ಮಾತು, ಕಾಯ ಎಂಬ ಮೂರರಿಂದ ಗುಣಿಸಿ ಒಂಬತ್ತು, ತಾನು ಮಾಡಿದ್ದು, ಮಾಡಿಸಿದ್ದು, ಅನುಮೋದಿಸಿದ್ದು ಎಂಬ ಮೂರರಿಂದ ಗುಣಿಸಿ ಇಪ್ಪತ್ತೇಳು, ಕ್ರೋಧ, ಮಾನ, ಮಾಯೆ, ಲೋಭ ಎಂಬ ನಾಲ್ಕು ಕಷಾಯಗಳಿಂದ ಗುಣಿಸಿ ನೂರೆಂಟು. ಜಪಮಾಲೆಯ ನೂರೆಂಟು ಮಣಿಗಳೂ ಇವನ್ನೇ ನೆನಪಿಸುತ್ತವೆ. ಒಂದೊಂದು ಮಣಿಯೂ ಪಾಪವು ಒಳನುಗ್ಗುವ ಒಂದೊಂದು ಬಾಗಿಲು. ಆ ಬಾಗಿಲುಗಳನ್ನು ಮುಚ್ಚುವುದೇ ಸಂವರ. ಕೋಟೆಗೆ ಎರಡೋ ಮೂರೋ ಬಾಗಿಲುಗಳಿದ್ದರೆ ಆತ್ಮನೆಂಬ ಕೋಟೆಗೆ ನೂರೆಂಟು. ಅರಸನು ಮಾಡಿಸಿದವನು, ಪರಿವಾರದವರು ಮಾಡಿದವರು, ಬೇಡವೆನ್ನದೆ ಜೊತೆಗೆ ನಡೆದವರು ಅನುಮೋದಿಸಿದವರು. ಈ ದೃಷ್ಟಿಯಿಂದ ನೋಡಿದರೆ, ನೂರೆಂಟು ಬಸದಿಗಳು ಕೋಟೆಯಲ್ಲಿ ನಿಜವಾಗಿ ಇದ್ದವೋ ಇಲ್ಲವೋ ಎಂಬ ಪ್ರಶ್ನೆಗಿಂತ ನಮ್ಮಲ್ಲಿ ಎಷ್ಟು ಬಾಗಿಲುಗಳು ಇನ್ನೂ ತೆರೆದಿವೆ ಎಂಬ ಪ್ರಶ್ನೆ ದೊಡ್ಡದು.

ಪ್ರಾಯಶ್ಚಿತ್ತದ ಮಾತೂ ಹಾಗೆಯೇ. ಬಸದಿ ಕಟ್ಟಿಸಿದುದರಿಂದ ಹೋದ ಜೀವ ಮರಳುವುದಿಲ್ಲ. ಶಾಸ್ತ್ರೋಕ್ತವಾದ ಒಂಬತ್ತು ಬಗೆಯ ಪ್ರಾಯಶ್ಚಿತ್ತಗಳಲ್ಲಿ ಮೊದಲನೆಯದು ಆಲೋಚನೆ, ಅಂದರೆ ತಪ್ಪನ್ನು ಮರೆಮಾಚದೆ ಗುರುಗಳ ಮುಂದೆ ನಿವೇದಿಸಿಕೊಳ್ಳುವುದು, ಎರಡನೆಯದು ಪ್ರತಿಕ್ರಮಣ. ಕಟ್ಟುವ ಕಾರ್ಯವು ಒಪ್ಪಿಕೊಂಡ ಮನಸ್ಸಿನಿಂದ ಹೊರಟರೆ ಮಾತ್ರ ಪ್ರಾಯಶ್ಚಿತ್ತ; ಇಲ್ಲವಾದರೆ ಅದು ಮಾನಕಷಾಯದ ಇನ್ನೊಂದು ರೂಪ.

ಉತ್ಸವದ ಸಮಯದಲ್ಲಿ ಮನನ ಮಾಡಬೇಕಾದುದು

ಈ ಪಾಠವು ಹಳೆಯ ಅರಸನಿಗೆ ಮಾತ್ರ ಸಂಬಂಧಿಸಿದ್ದಲ್ಲ. ಉತ್ಸವದ ಉತ್ಸಾಹದಲ್ಲಿ ಭಕ್ತಿಯು ಎಚ್ಚರವನ್ನು ಮರೆಯುವ ಸಂದರ್ಭಗಳು ನಮ್ಮ ನಡುವೆಯೂ ಉಂಟು. ರಾತ್ರಿಯ ಮೆರವಣಿಗೆ, ಕಣ್ಣುಕುಕ್ಕುವ ದೀಪಗಳಿಗೆ ಮುತ್ತಿ ಸಾಯುವ ಹುಳುಗಳು, ಸಿಡಿಮದ್ದು, ಮಂಟಪದ ಬಟ್ಟೆಗೆ ತಾಗುವ ಆರತಿಯ ಕರ್ಪೂರ, ಮುನಿಸಂಘದ ವಿಹಾರಕಾಲದಲ್ಲಿ ಹೆದ್ದಾರಿಯ ಮೇಲೆ ನೂಕುನುಗ್ಗಲು. ಇವೆಲ್ಲವೂ ಭಕ್ತಿಯ ಹೆಸರಿನ ಪ್ರಮಾದಗಳೇ. ಭೋಜ ಗ್ರಾಮದ ಸೀಮೆಯಲ್ಲಿ ಜನಿಸಿ 1955ರಲ್ಲಿ ಕುಂಥಲಗಿರಿಯಲ್ಲಿ ಸಮಾಧಿಮರಣವನ್ನು ಸಾಧಿಸಿದ ಆಚಾರ್ಯ ಶಾಂತಿಸಾಗರ ಮಹಾರಾಜರಿಂದ ಮೊದಲುಗೊಂಡು ಅನೇಕ ಮುನಿಗಳು ನಡೆದ ನೆಲವಿದು. ಅವರ ಹೆಜ್ಜೆಗಳ ಎಚ್ಚರ ನಮ್ಮ ಕೈಗಳಲ್ಲಿಯೂ ಇರಬೇಕು.

ಜೀರ್ಣೋದ್ಧಾರದ ವಿಷಯದಲ್ಲಿಯೂ ಇದೇ ಎಚ್ಚರ ಅಗತ್ಯ. ಹಳೆಯ ಬಸದಿಯನ್ನು ಬಿಚ್ಚಿ ಅಮೃತಶಿಲೆಯ ಹೊಸ ಮಂದಿರ ಕಟ್ಟುವಾಗ ಬರಹವಿರುವ ಕಲ್ಲನ್ನು ಮೆಟ್ಟಿಲಿಗೆ ಹಾಕುವುದು, ಶಾಸನದ ಮೇಲೆ ಎಣ್ಣೆಬಣ್ಣ ಬಳಿಯುವುದು, ನಿಷಿಧಿಗಲ್ಲನ್ನು ಬೇಲಿಗೆ ನೆಡುವುದು ಹಲವೆಡೆ ನಡೆದಿದೆ. ಯಾರೋ ಪರರಸರು ಬಸದಿಯ ಕಲ್ಲನ್ನು ಕೋಟೆಗೆ ಹಾಕಿದರೆಂದು ದುಃಖಿಸುವ ನಾವು ನಮ್ಮ ಕೈಯಿಂದಲೇ ಶಾಸನವನ್ನು ನೆಲಕ್ಕೆ ಹಾಸಬಾರದು. ಹಳೆಯ ಬಾಗಿಲುವಾಡ, ಕಂಬ, ಮೂರ್ತಿಪೀಠಗಳ ಮೇಲೆ ಅಕ್ಷರ ಕಂಡರೆ ಅದನ್ನು ಒಡೆಯದೆ, ಬಳಿಯದೆ, ಮೊದಲು ಛಾಯಾಚಿತ್ರ ತೆಗೆಸಿ ಶಾಸನತಜ್ಞರಿಗೆ ತೋರಿಸುವುದು ಪ್ರತಿಯೊಂದು ವಿಶ್ವಸ್ಥ ಮಂಡಳಿಯ ಕರ್ತವ್ಯ. ಅದಕ್ಕೆ ಹೆಚ್ಚಿನ ಹಣ ಬೇಡ. ಆದಾನ-ನಿಕ್ಷೇಪಣದ ಎಚ್ಚರ ಸಾಕು. ಶ್ರುತದ ರಕ್ಷಣೆಯೂ ಜೀವರಕ್ಷಣೆಯಷ್ಟೇ ಪವಿತ್ರ.

ಉಪಸಂಹಾರ

ತೀರ್ಥಂಕರರ ಸಮವಸರಣದ ವರ್ಣನೆಯಲ್ಲಿಯೂ ಬಾಗಿಲುಗಳಿವೆ. ಅದರ ಹೊರಪ್ರಾಕಾರವಾದ ಧೂಳೀಸಾಲಕ್ಕೆ ನಾಲ್ಕು ದಿಕ್ಕುಗಳಲ್ಲಿ ವಿಜಯ, ವೈಜಯಂತ, ಜಯಂತ, ಅಪರಾಜಿತ ಎಂಬ ನಾಲ್ಕು ದ್ವಾರಗಳು. ಹೆಸರುಗಳೆಲ್ಲ ಗೆಲುವಿನವೇ, ಆದರೆ ಅಲ್ಲಿ ಕಂದಕದ ಆಚೆ ವೈರಿಗಳಿಲ್ಲ, ಕದಕ್ಕೆ ಮುಳ್ಳುಮೊಳೆಗಳಿಲ್ಲ. ದ್ವಾರವನ್ನು ದಾಟಿದೊಡನೆ ಎದುರಾಗುವುದು ಮಾನಸ್ತಂಭ. ವಾದದಲ್ಲಿ ಗೆಲ್ಲುವೆನೆಂದು ಬಂದ ಇಂದ್ರಭೂತಿ ಗೌತಮನ ಗರ್ವವು ಅದನ್ನು ಕಂಡೊಡನೆ ಕರಗಿ, ಅವನು ಮಹಾವೀರಸ್ವಾಮಿಯ ಪ್ರಥಮ ಗಣಧರನಾದನು. ದೇವತೆ, ಮನುಷ್ಯ, ಪಶುಪಕ್ಷಿಗಳೆಲ್ಲರಿಗೂ ಆ ದ್ವಾರ ಮುಕ್ತ.

ವೇಣುಗ್ರಾಮದ ಹೆಬ್ಬಾಗಿಲು ಮನುಷ್ಯರು ಭಯದಿಂದ ಕಟ್ಟಿದ ಬಾಗಿಲು. ಅದನ್ನು ಎಷ್ಟು ಬಲಪಡಿಸಿದರೂ ಕಾಲವು ಅದನ್ನು ತೆರೆಯಿತು. ಅದರೊಳಗೆ ಬೀಚಣನು ಶ್ರದ್ಧೆಯಿಂದ ಕಟ್ಟಿದ ಬಸದಿ ಮಾತ್ರ ಯಾವ ಕಾವಲೂ ಇಲ್ಲದೆ ಎಂಟು ನೂರು ವರ್ಷ ಬಾಳಿತು. ಬೆಳಗಾವಿಗೆ ಹೋಗುವ ಶ್ರಾವಕ-ಶ್ರಾವಿಕೆಯರು ಆ ಹೆಬ್ಬಾಗಿಲನ್ನು ದಾಟುವಾಗ ಒಂದು ಕ್ಷಣ ನಿಂತು ನೂರೆಂಟು ಮುನಿಗಳನ್ನು ಸ್ಮರಿಸಲಿ. ಕಮಲ ಬಸದಿಯ ಹೊಸ್ತಿಲಲ್ಲಿ ಮೂರು ಬಾರಿ ‘ನಿಸ್ಸಹಿ’ ಎನ್ನಲಿ. ಹಿಂದಿರುಗುವಾಗ ಕೈಯಲ್ಲಿರುವ ದೀಪವನ್ನು ನೋಡಿ ಇಡಲಿ.